ಐಯುಎಫ್‌ಡಿ, ಮ್ಯಾಸರೇಟೆಡ್, ಎ1: ಡಿಸ್ಚಾರ್ಜ್ ಕಾಗದ ಹೇಳುವುದೇನು, ಮಗು ಹೋದದ್ದು ಯಾಕೆ?

ಪ್ರಶ್ನೆ: ನನಗೆ 27 ವರ್ಷ, ಹಾವೇರಿ ಜಿಲ್ಲೆಯವಳು. ಮೊದಲ ಬಸಿರು 9 ವಾರಕ್ಕೇ ಹೋಯಿತು. ಎರಡನೆಯದು 33 ವಾರವಾಗಿತ್ತು. ಎರಡು ದಿನದಿಂದ ಮಗು ಮಿಸುಕಾಡುತ್ತಿಲ್ಲ ಅನ್ನಿಸಿ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡಿ ಜೀವ ಇಲ್ಲ ಎಂದರು. ಬಿಪಿ 150/100 ಇತ್ತು, ಮೂತ್ರದಲ್ಲಿ ಆಲ್ಬುಮಿನ್ 2+. ನೋವು ಬರಿಸಿ ಹೆರಿಗೆ ಮಾಡಿಸಿದರು. ಡಿಸ್ಚಾರ್ಜ್ ಕಾಗದದಲ್ಲಿ ‘ಜಿ2 ಪಿ1 ಎಲ್0 ಎ1, ಪ್ರೀ-ಎಕ್ಲಾಂಪ್ಸಿಯಾ, ಐಯುಎಫ್‌ಡಿ, ಮ್ಯಾಸರೇಟೆಡ್ ಸ್ಟಿಲ್‌ಬರ್ತ್, 1300 ಗ್ರಾಂ, ಕುತ್ತಿಗೆಗೆ ಕಾರ್ಡ್ ಒಂದು ಸುತ್ತು, ಪ್ಲಸೆಂಟಾ 210 ಗ್ರಾಂ, ಇನ್‌ಫಾರ್ಕ್ಟ್ ಇವೆ’ ಎಂದು ಬರೆದಿದ್ದಾರೆ. ‘ಎ1’ ಎಂದರೆ ಅಬಾರ್ಷನ್ ಎಂದು ಯಾರೋ ಹೇಳಿದ್ದಕ್ಕೆ, ಮೊದಲನೆಯದನ್ನು ನೀನೇ ತೆಗೆಸಿದ್ದೆಯಾ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಕರುಳು ಸುತ್ತಿ ಮಗು ಹೋಯಿತು ಎಂದು ಕೆಲವರು, ನೀರಿನ ಕೊಡ ಹೊತ್ತದ್ದಕ್ಕೆ ಎಂದು ಕೆಲವರು. ಈಗ ಆರು ವಾರವಾಯಿತು. ನಿಜಕ್ಕೂ ಏನಾಯಿತು? ಮುಂದೆ ಏನು ಮಾಡಬೇಕು?

ಉತ್ತರ: ಮೊದಲು ನೇರ ಉತ್ತರ. ನಿಮ್ಮ ಕಾಗದದಲ್ಲಿ ಇರುವಷ್ಟನ್ನು ಓದಿ ಹೇಳುವುದಾದರೆ, ಮಗುವಿಗೆ ಆಹಾರ ಮತ್ತು ಆಮ್ಲಜನಕ ಕೊಡಬೇಕಿದ್ದ ಪ್ಲಸೆಂಟಾ (ಮಾಸು) ಸರಿಯಾಗಿ ಬೇರೂರಲಿಲ್ಲ. ನಿಮ್ಮ ಬಿಪಿ ಏರಿದ್ದು, ಮಗು ಬೆಳೆಯದೆ ಚಿಕ್ಕದಾಗಿ ಉಳಿದದ್ದು, ಕೊನೆಗೆ ಅದರ ಜೀವ ಹೋದದ್ದು ಮೂರೂ ಆ ಒಂದೇ ತೊಂದರೆಯಿಂದ ಬಂದವು. ಕೊಡ ಹೊತ್ತದ್ದರಿಂದ ಹೀಗಾಗುವುದಿಲ್ಲ. ಕಾರ್ಡ್ (ಹೊಕ್ಕುಳ ಬಳ್ಳಿ, ಜನ ‘ಕರುಳು’ ಎನ್ನುವುದು) ಸುತ್ತಿದ್ದರಿಂದಲೂ ಆಗಿರುವ ಸಾಧ್ಯತೆ ಬಹಳ ಕಡಿಮೆ. ಯಾಕೆ ಎಂಬುದನ್ನು ಕಾಗದದ ಪದಗಳಿಂದಲೇ ಬಿಡಿಸುತ್ತಾ ಹೋಗೋಣ.

ಜಿ, ಪಿ, ಎಲ್, ಎ ಎನ್ನುವುದು ಪ್ರಸೂತಿ ವಿಭಾಗದ ಲೆಕ್ಕ. ಜಿ ಎಂದರೆ ಒಟ್ಟು ಎಷ್ಟು ಸಲ ಬಸಿರಾದಿರಿ ಎಂಬುದು. ಪಿ ಎಂದರೆ ಮಗು ಹೊರಗೆ ಬದುಕಬಲ್ಲಷ್ಟು ವಾರ ದಾಟಿ ಆದ ಹೆರಿಗೆಗಳು. ಮಗು ಜೀವಂತವಾಗಿತ್ತೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎಲ್ ಎಂದರೆ ಈಗ ಬದುಕಿರುವ ಮಕ್ಕಳು. ಎ ಎಂದರೆ ಆ ಮಿತಿಗೆ ಮೊದಲೇ ಮುಗಿದ ಬಸಿರುಗಳು. ಮನೆಯ ಜಗಳ ಶುರುವಾಗಿರುವುದು ಈ ಕೊನೆಯ ಅಕ್ಷರದಿಂದ. ವೈದ್ಯರ ಭಾಷೆಯಲ್ಲಿ ಅಬಾರ್ಷನ್ ಎಂದರೆ ತಾನಾಗಿ ಹೋದದ್ದೂ ಹೌದು, ತೆಗೆಸಿದ್ದೂ ಹೌದು. ನಮ್ಮ ಮಾತಿನಲ್ಲಿ ಮಾತ್ರ ಆ ಪದಕ್ಕೆ ‘ತೆಗೆಸುವುದು’ ಎಂಬ ಒಂದೇ ಅರ್ಥ ಅಂಟಿಕೊಂಡಿದೆ. ಆದ್ದರಿಂದ ‘ಎ1’ ನೋಡಿ ಯಾರೂ ಏನನ್ನೂ ಊಹಿಸಲು ಬರುವುದಿಲ್ಲ. ಈ ಉತ್ತರವನ್ನು ಮನೆಯವರಿಗೇ ಓದಲು ಕೊಡಿ.

ನಿಮ್ಮ ಮೊದಲ ಬಸಿರಿನ ಕಾಗದದಲ್ಲಿ ‘ಮಿಸ್ಡ್ ಅಬಾರ್ಷನ್’ ಎಂದು ಬರೆದಿದ್ದರೆ ಭ್ರೂಣದ ಬೆಳವಣಿಗೆ ಒಳಗೇ ನಿಂತು, ರಕ್ತಸ್ರಾವ ಮಾತ್ರ ಇನ್ನೂ ಶುರುವಾಗಿರಲಿಲ್ಲ ಎಂದರ್ಥ. ಇದನ್ನು ಕಣ್ಣಂದಾಜಿನಲ್ಲಿ ಹೇಳುವುದಿಲ್ಲ. ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಭ್ರೂಣ 7 ಮಿಲಿಮೀಟರ್ ಅಥವಾ ಹೆಚ್ಚು ಉದ್ದವಿದ್ದೂ ಹೃದಯ ಬಡಿತ ಇಲ್ಲದಿರಬೇಕು. ಇಲ್ಲವೆ ಗರ್ಭಚೀಲದ ಸರಾಸರಿ ಅಳತೆ 25 ಮಿಲಿಮೀಟರ್ ಮುಟ್ಟಿದ್ದೂ ಒಳಗೆ ಭ್ರೂಣವೇ ಕಾಣದಿರಬೇಕು. ಈ ಎರಡನೆಯದನ್ನು ‘ಬ್ಲೈಟೆಡ್ ಓವಂ’ ಎಂದು ಬರೆಯುತ್ತಾರೆ. ಅಳತೆ ಇದಕ್ಕಿಂತ ಕಡಿಮೆ ಇದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡಲೇಬೇಕು. ದಿನಗಳ ಲೆಕ್ಕ ತಪ್ಪಿರಬಹುದು. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್‌ಗಳ ಸಂಖ್ಯೆ ತಪ್ಪಿರುವುದು. ಅದು ಅಂಡ ಮತ್ತು ವೀರ್ಯಾಣು ಸೇರುವ ಹೊತ್ತಿಗೇ ಆಗಿಹೋಗಿರುವ ತಪ್ಪು. ಆಮೇಲೆ ತಾಯಿ ಏನು ತಿಂದಳು, ಏನು ಎತ್ತಿದಳು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಐಯುಎಫ್‌ಡಿ. ಗರ್ಭಕೋಶದ ಒಳಗೇ ಭ್ರೂಣದ ಮರಣ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಹಳೆಯ ಕಾಗದಗಳಲ್ಲಿ ಬರೀ ‘ಐಯುಡಿ’ ಎಂದಿರುತ್ತದೆ. ಕಾಪರ್-ಟಿಯಂಥ ಗರ್ಭನಿರೋಧಕಕ್ಕೂ ಅದೇ ಹೆಸರು ಇರುವುದರಿಂದ ಓದಿದವರು ಗೊಂದಲಕ್ಕೆ ಬೀಳುತ್ತಾರೆ. ಗಮನಿಸಬೇಕಾದದ್ದು ಏನೆಂದರೆ, ಐಯುಎಫ್‌ಡಿ ಎಂಬುದು ಏನಾಯಿತು ಎಂದು ಹೇಳುತ್ತದೆ, ಯಾಕಾಯಿತು ಎಂದಲ್ಲ. ‘ಹೃದಯ ನಿಂತಿತು’ ಎಂದಷ್ಟೇ ಬರೆದ ಹಾಗೆ. ಕಾರಣದ ಜಾಗದಲ್ಲಿ ಐಯುಎಫ್‌ಡಿ ಎಂದು ಬರೆದು ಕೈತೊಳೆದುಕೊಂಡ ಕಾಗದಗಳು ಬೇಕಾದಷ್ಟಿವೆ. ನಿಮ್ಮ ವೈದ್ಯರು ಪ್ಲಸೆಂಟಾದ ತೂಕ ಹಾಕಿ, ಇನ್‌ಫಾರ್ಕ್ಟ್ ಇದೆ ಎಂದು ಬರೆದಿಟ್ಟಿದ್ದಾರೆ. ಕಾರಣದ ಸುಳಿವು ಸಿಗುವುದು ಅಲ್ಲೇ.

ಸ್ಟಿಲ್‌ಬರ್ತ್‌ಗೆ ಸರ್ಕಾರಿ ಕನ್ನಡದಲ್ಲಿ ‘ನಿರ್ಜೀವ ಜನನ’ ಎನ್ನುತ್ತಾರೆ. ಎಷ್ಟು ವಾರದಿಂದ ಹಾಗೆ ಕರೆಯಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ದೇಶಗಳ ಅಂಕಿ ಹೋಲಿಸುವಾಗ ವಿಶ್ವ ಆರೋಗ್ಯ ಸಂಸ್ಥೆ ಹಿಡಿಯುವುದು 28 ವಾರ. ನಮ್ಮ ಜನನ-ಮರಣ ನೋಂದಣಿಯಲ್ಲೂ ಅಷ್ಟೇ. ಬ್ರಿಟನ್ 1992ರ ಕಾಯ್ದೆಯಿಂದ ಅದನ್ನು 28ರಿಂದ 24ಕ್ಕೆ ಇಳಿಸಿತು. ಅಮೆರಿಕದಲ್ಲಿ 20. ಹೊರದೇಶದಲ್ಲಿರುವ ಬಂಧುಗಳ ವರದಿಯನ್ನು ನಿಮ್ಮದರೊಂದಿಗೆ ಹೋಲಿಸುವಾಗ ಇದು ನೆನಪಿರಲಿ. 22 ವಾರಕ್ಕೆ ಹೋದ ಬಸಿರಿಗೆ ಅಲ್ಲಿ ಒಂದು ಹೆಸರು, ಇಲ್ಲಿ ಇನ್ನೊಂದು.

‘ಮ್ಯಾಸರೇಟೆಡ್’ ಎಂಬ ಪದ ಕೇಳಲು ಕಠೋರ. ಜೀವ ಹೋದ ಮೇಲೆ ಮಗು ಬೆಚ್ಚಗಿನ ನೀರಿನಲ್ಲೇ ಉಳಿದಾಗ ಚರ್ಮ ಸಡಿಲವಾಗಿ ಸುಲಿಯತೊಡಗುತ್ತದೆ, ಅಷ್ಟೆ. ಇದು ಸುಮಾರು ಆರು ಗಂಟೆಯ ನಂತರ ಶುರುವಾಗಿ ಒಂದೆರಡು ದಿನದಲ್ಲಿ ಎದ್ದು ಕಾಣುತ್ತದೆ. ಸ್ಕ್ಯಾನ್ ವರದಿಯಲ್ಲಿ ‘ಸ್ಪಾಲ್ಡಿಂಗ್ ಸೈನ್’ ಎಂದಿದ್ದರೆ ತಲೆಬುರುಡೆಯ ಮೂಳೆಗಳು ಒಂದರ ಮೇಲೊಂದು ಸರಿದಿವೆ, ಅಂದರೆ ಇನ್ನೂ ಹೆಚ್ಚು ದಿನವಾಗಿದೆ ಎಂದರ್ಥ. ಚರ್ಮ ಹಾಗೇ ಇದ್ದರೆ ‘ಫ್ರೆಶ್ ಸ್ಟಿಲ್‌ಬರ್ತ್’. ಈ ಎರಡರ ವ್ಯತ್ಯಾಸ ಕಾರಣ ಹುಡುಕಲು ತುಂಬ ಮುಖ್ಯ. ಫ್ರೆಶ್ ಎಂದರೆ ಬಹುಪಾಲು ಹೆರಿಗೆ ನೋವಿನ ಹೊತ್ತಿಗೆ ಅಥವಾ ಅದಕ್ಕೆ ಸ್ವಲ್ಪ ಮೊದಲು ಜೀವ ಹೋಗಿದೆ. ಹೆರಿಗೆ ಕೋಣೆಯಲ್ಲಿ ಏನಾಯಿತು ಎಂದು ಕೇಳಬೇಕು. ಮ್ಯಾಸರೇಟೆಡ್ ಎಂದರೆ ನೋವು ಶುರುವಾಗುವ ಮೊದಲೇ ಹೋಗಿದೆ. ಬಸಿರಿನ ದಿನಗಳನ್ನು ಹಿಂದಕ್ಕೆ ಓದಬೇಕು. ನಿಮ್ಮದು ಎರಡನೆಯದು. ಹೆರಿಗೆ ಮಾಡಿಸಿದವರ ಕೈಯಿಂದ ಆದದ್ದಲ್ಲ.

ಪ್ಲಸೆಂಟಾದಲ್ಲಿ ಏನಾಯಿತು

ಪ್ಲಸೆಂಟಾಕ್ಕೆ ನಮ್ಮ ಕಡೆ ಕಸ, ಮಾಸು ಎನ್ನುತ್ತಾರೆ. ಹೆರಿಗೆಯಾದ ಮೇಲೆ ಬಿಸಾಡುವ ವಸ್ತು ಎಂಬ ಭಾವನೆಯಿಂದ ಬಂದ ಹೆಸರು. ಆದರೆ ಒಂಬತ್ತು ತಿಂಗಳೂ ಮಗುವಿನ ಶ್ವಾಸಕೋಶ, ಕರುಳು, ಮೂತ್ರಪಿಂಡಗಳ ಕೆಲಸವನ್ನೆಲ್ಲ ಅದೊಂದೇ ಮಾಡುತ್ತದೆ.

ಬಸಿರಿನ ಮೊದಲರ್ಧದಲ್ಲಿ ಪ್ಲಸೆಂಟಾದ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು, ಅಲ್ಲಿನ ಸುರುಳಿ ಸುರುಳಿಯಾದ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಇಕ್ಕಟ್ಟಾದ ನಳಿಗೆ ಕಾಲುವೆಯಾದ ಹಾಗೆ; ರಕ್ತ ಒತ್ತಡವಿಲ್ಲದೆ, ಧಾರಾಳವಾಗಿ ಹರಿಯುತ್ತದೆ. ಈ ಕೆಲಸ ಸುಮಾರು 20-22 ವಾರಕ್ಕೆ ಮುಗಿಯಬೇಕು. ಕೆಲವರಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ನಾಳಗಳು ಕಿರಿದಾಗಿಯೇ ಉಳಿಯುತ್ತವೆ. ಮಗು ಚಿಕ್ಕದಿರುವವರೆಗೆ ಹೇಗೋ ನಡೆಯುತ್ತದೆ. ಏಳನೇ ತಿಂಗಳ ಹೊತ್ತಿಗೆ ಅದರ ಬೇಡಿಕೆ ಏರಿದಾಗ ಪೂರೈಕೆ ಸಾಲುವುದಿಲ್ಲ. ರಕ್ತ ಸಿಗದ ಪ್ಲಸೆಂಟಾದ ಭಾಗಗಳು ಒಣಗಿ ಗಟ್ಟಿಯಾಗುತ್ತವೆ. ನಿಮ್ಮ ಕಾಗದದ ‘ಇನ್‌ಫಾರ್ಕ್ಟ್’ ಅದೇ. ದಿನ ತುಂಬಿದ ಪ್ಲಸೆಂಟಾದ ಅಂಚಿನಲ್ಲಿ ಒಂದೆರಡು ಸಣ್ಣ ಇನ್‌ಫಾರ್ಕ್ಟ್ ಇರುವುದು ಸಹಜ. 33 ವಾರದ, ಅದೂ ಚಿಕ್ಕ ಪ್ಲಸೆಂಟಾದಲ್ಲಿ ಇರುವುದು ಸಹಜವಲ್ಲ. ದಿನ ತುಂಬಿದ ಪ್ಲಸೆಂಟಾ ಸುಮಾರು 500 ಗ್ರಾಂ ತೂಗುತ್ತದೆ. 33 ವಾರಕ್ಕೂ 210 ಗ್ರಾಂ ತೀರ ಕಡಿಮೆ.

ಇದೇ ಸೊರಗಿದ ಪ್ಲಸೆಂಟಾ ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವು ಅವಳ ಇಡೀ ದೇಹದ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಬಿಪಿ 140/90 ದಾಟುತ್ತದೆ, ಮೂತ್ರಪಿಂಡ ಸೋರಿ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಹೋಗುತ್ತದೆ, ಕೆಲವರಿಗೆ ಲಿವರ್ ಏರುಪೇರಾಗಿ ಪ್ಲೇಟ್‌ಲೆಟ್ ಇಳಿಯುತ್ತದೆ. ಪ್ರೀ-ಎಕ್ಲಾಂಪ್ಸಿಯಾ ಎಂದರೆ ಇದು. ‘ಟೆನ್ಷನ್ ಮಾಡಿಕೊಂಡು ಬಿಪಿ ಬಂತು’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ.

ಮಗುವಿನ ಕಡೆ ಇದು ಬೆಳವಣಿಗೆಯ ಕುಂಠಿತವಾಗಿ ಕಾಣುತ್ತದೆ. ಕಾಗದದಲ್ಲಿ ಎಫ್‌ಜಿಆರ್ ಅಥವಾ ಐಯುಜಿಆರ್ ಎಂದು ಬರೆಯುತ್ತಾರೆ. 33 ವಾರದ ಮಗು ಎರಡು ಕಿಲೋ ಆಸುಪಾಸು ಇರಬೇಕು. ನಿಮ್ಮದು 1300 ಗ್ರಾಂ. ಡಾಪ್ಲರ್ ಸ್ಕ್ಯಾನ್ ಮಾಡಿದ್ದರೆ ಹೊಕ್ಕುಳ ಬಳ್ಳಿಯ ಅಪಧಮನಿಯಲ್ಲಿ ರಕ್ತ ಹೇಗೆ ಹರಿಯುತ್ತಿತ್ತು ಎಂದು ತಿಳಿಯುತ್ತಿತ್ತು. ಮಗುವಿನ ಹೃದಯ ಒಂದು ಬಡಿತದಿಂದ ಇನ್ನೊಂದಕ್ಕೆ ಬಿಡುವು ಕೊಡುವಾಗಲೂ ರಕ್ತ ಮುಂದಕ್ಕೇ ಹರಿಯುತ್ತಿರಬೇಕು. ಪ್ಲಸೆಂಟಾ ಬಿಗಿದಿದ್ದರೆ ಆ ಬಿಡುವಿನಲ್ಲಿ ಹರಿವು ನಿಲ್ಲುತ್ತದೆ, ವರದಿಯಲ್ಲಿ ‘ಎಇಡಿಎಫ್’. ಇನ್ನೂ ಕೆಟ್ಟರೆ ರಕ್ತ ಹಿಂದಕ್ಕೆ ತಳ್ಳಿಕೊಂಡು ಬರುತ್ತದೆ, ‘ಆರ್‌ಇಡಿಎಫ್’. ಎಇಡಿಎಫ್ ಇದ್ದರೆ 33-34 ವಾರಕ್ಕೆ, ಆರ್‌ಇಡಿಎಫ್ ಇದ್ದರೆ 30-32 ವಾರಕ್ಕೇ ಮಗುವನ್ನು ಹೊರತೆಗೆಯುವುದು ಈಗಿನ ಪದ್ಧತಿ. ಅದಕ್ಕೆ ಮೊದಲು ಶ್ವಾಸಕೋಶ ಬಲಿಯಲು ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ: ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ, 12 ಗಂಟೆಗೊಮ್ಮೆ, ನಾಲ್ಕು ಸಲ.

ಡಾಪ್ಲರ್ ಎಲ್ಲ ಊರಲ್ಲೂ ಸಿಗುವುದಿಲ್ಲ, ನಿಜ. ಅಳತೆಯ ಟೇಪು ಎಲ್ಲ ಕಡೆಯೂ ಸಿಗುತ್ತದೆ. 24ರಿಂದ 36 ವಾರದವರೆಗೆ ಹೊಟ್ಟೆಯ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚೂಕಡಿಮೆ ವಾರದ ಸಂಖ್ಯೆಯಷ್ಟೇ ಇರುತ್ತದೆ. ಮೂರು ಸೆಂಟಿಮೀಟರ್ ಹಿಂದೆ ಬಿದ್ದರೆ ಸ್ಕ್ಯಾನ್ ಬೇಕು. ತಾಯಿ ಕಾರ್ಡಿನಲ್ಲಿ ಇದಕ್ಕೆ ಜಾಗವಿದೆ. ಅದು ಖಾಲಿ ಬಿದ್ದಿದ್ದರೆ ಮುಂದಿನ ಸಲ ಕೇಳಿ ತುಂಬಿಸಿಕೊಳ್ಳಿ.

ಕರುಳು ಸುತ್ತಿದ್ದು, ಕೊಡ, ಪರಂಗಿ ಹಣ್ಣು

ಹೊಕ್ಕುಳ ಬಳ್ಳಿ ಅರ್ಧ ಮೀಟರಿಗೂ ಹೆಚ್ಚು ಉದ್ದ ಇರುತ್ತದೆ. ಒಳಗೆ ಹೊರಳಾಡುವ ಮಗು ಅದನ್ನು ಕುತ್ತಿಗೆಗೆ ಸುತ್ತಿಕೊಳ್ಳುವುದು ತೀರ ಸಾಮಾನ್ಯ: ಸುಮಾರು ನಾಲ್ಕು ಹೆರಿಗೆಯಲ್ಲಿ ಒಂದರಲ್ಲಿ ಹಾಗಿರುತ್ತದೆ, ಆ ಮಕ್ಕಳು ಅಳುತ್ತಲೇ ಹುಟ್ಟುತ್ತಾರೆ. ಹೊಟ್ಟೆಯಲ್ಲಿರುವ ಮಗು ಮೂಗಿನಿಂದ ಉಸಿರಾಡುವುದಿಲ್ಲ, ಆದ್ದರಿಂದ ಕುತ್ತಿಗೆ ಬಿಗಿದು ಉಸಿರುಗಟ್ಟುವ ಪ್ರಶ್ನೆಯೇ ಇಲ್ಲ. ಅಪಾಯ ಬರುವುದು ಬಳ್ಳಿಯೊಳಗಿನ ರಕ್ತ ನಿಂತರೆ ಮಾತ್ರ. ಬಳ್ಳಿಯೇ ಕಾರಣ ಎನ್ನಬೇಕಾದರೆ ಬಿಗಿದ ನಿಜವಾದ ಗಂಟು, ಒಳಗೆ ಹೆಪ್ಪುಗಟ್ಟಿದ ರಕ್ತ ಇಂಥ ಗುರುತು ಇರಬೇಕು, ಬೇರೆ ಕಾರಣ ಇರಬಾರದು. ನಿಮ್ಮಲ್ಲಿ ಬೇರೆ ಕಾರಣ ಕಣ್ಣೆದುರೇ ಇದೆ. ‘ಕರುಳು ಸುತ್ತಿತ್ತು’ ಎಂಬ ಉತ್ತರ ಹೇಳುವವರಿಗೂ ಕೇಳುವವರಿಗೂ ಸುಲಭ. ತೊಂದರೆ ಏನೆಂದರೆ, ಆ ಉತ್ತರಕ್ಕೆ ಒಪ್ಪಿ ಕೂತರೆ ಮುಂದಿನ ಸಲ ಬಿಪಿಗೂ ಪ್ಲಸೆಂಟಾಕ್ಕೂ ಬೇಕಾದ ಎಚ್ಚರಿಕೆ ತಪ್ಪಿಹೋಗುತ್ತದೆ.

ಕೊಡ ಹೊರುವುದು, ಮೆಟ್ಟಿಲು ಹತ್ತುವುದು, ಬಸ್ಸಿನಲ್ಲಿ ಓಡಾಡುವುದು, ಹಣ್ಣಾದ ಪರಂಗಿ ತಿನ್ನುವುದು, ಗ್ರಹಣದ ದಿನ ಹೊರಗೆ ಬರುವುದು ಇವುಗಳಲ್ಲಿ ಯಾವುದೂ ಪ್ಲಸೆಂಟಾದ ನಾಳಗಳನ್ನು ಕಿರಿದು ಮಾಡಲಾರದು. ಆ ನಾಳಗಳ ಹಣೆಬರಹ ನಿರ್ಧಾರವಾಗುವುದು ಹೊಟ್ಟೆ ಹೊರಗೆ ಕಾಣಿಸಿಕೊಳ್ಳುವ ಮೊದಲೇ.

ನಿಮ್ಮ ಕಾಗದಕ್ಕೆ ಸಂಬಂಧಿಸದ ಇತರ ಕಾರಣಗಳನ್ನೂ ಇಲ್ಲಿ ಹೇಳಿಬಿಡುತ್ತೇನೆ, ಬೇರೆ ಓದುಗರಿಗೆ ಬೇಕಾಗುತ್ತದೆ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ, ನೋವಿನ ಜೊತೆ ರಕ್ತ ಹೋದರೆ ಪ್ಲಸೆಂಟಾ ಮೊದಲೇ ಕಿತ್ತುಕೊಂಡಿರಬಹುದು. ಅದಕ್ಕೆ ‘ಅಬ್ರಪ್ಷನ್’ ಎನ್ನುತ್ತಾರೆ, ರಕ್ತವೆಲ್ಲ ಒಳಗೇ ನಿಂತು ಹೊರಗೆ ಏನೂ ಕಾಣದೆಯೂ ಇರಬಹುದು. ಹತೋಟಿಯಲ್ಲಿಲ್ಲದ ಶುಗರ್ ಇದ್ದವರಲ್ಲಿ ಮಗು ದಪ್ಪಗೇ ಇದ್ದು ಕೊನೆಯ ವಾರಗಳಲ್ಲಿ ಹಠಾತ್ತನೆ ಹೋಗುವುದುಂಟು. ಸಿಫಿಲಿಸ್ ಇನ್ನೂ ಮಕ್ಕಳನ್ನು ಕೊಲ್ಲುತ್ತಿದೆ, ವಿಡಿಆರ್‌ಎಲ್ ಪರೀಕ್ಷೆ ಮಾಡಿ ಪೆನಿಸಿಲಿನ್ ಕೊಟ್ಟರೆ ತಪ್ಪಿಸಬಹುದು. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದು ಹಿಂದಿನ ಬಸಿರಿನಲ್ಲಿ ಆಂಟಿ-ಡಿ ಚುಚ್ಚುಮದ್ದು ಹಾಕಿಸಿರದಿದ್ದರೆ ಮಗುವಿನ ರಕ್ತ ಒಡೆದು ಮೈ ಊದಿಕೊಳ್ಳಬಹುದು, ವರದಿಯಲ್ಲಿ ‘ಹೈಡ್ರಾಪ್ಸ್’ ಎಂದಿರುತ್ತದೆ. ಕೊನೆಯ ತಿಂಗಳಲ್ಲಿ ದದ್ದಿಲ್ಲದೆ ಅಂಗೈ ಅಂಗಾಲು ತುರಿಸಿದರೆ ಪಿತ್ತಾಮ್ಲ ಪರೀಕ್ಷಿಸಬೇಕು. ಲೀಟರಿಗೆ 100 ಮೈಕ್ರೋಮೋಲ್ ದಾಟಿದರೆ ಮಗುವಿಗೆ ಅಪಾಯ. ಹುಟ್ಟುವಾಗಲೇ ಬಂದ ಅಂಗದೋಷಗಳು ಇನ್ನೊಂದು ಗುಂಪು. ಸೋದರಮಾವ, ಅತ್ತೆ-ಮಾವನ ಮಕ್ಕಳೊಂದಿಗಿನ ಸಂಬಂಧ ನಮ್ಮಲ್ಲಿ ರೂಢಿ ಇರುವುದರಿಂದ, ಇಬ್ಬರಲ್ಲೂ ಅಡಗಿರುವ ಒಂದೇ ದೋಷ ಮಗುವಿಗೆ ಜೋಡಿಯಾಗಿ ಬರಬಹುದು. ಹಾಗಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮರುಕಳಿಸುವ ಸಾಧ್ಯತೆ ಇರುತ್ತದೆ. ಇಷ್ಟೆಲ್ಲ ಹುಡುಕಿದರೂ ಸುಮಾರು ಮೂರರಲ್ಲೊಂದು ಪಾಲು ಸಾವಿಗೆ ಕಾರಣ ಸಿಗುವುದೇ ಇಲ್ಲ. ಆ ಲೆಕ್ಕದಲ್ಲಿ ನಿಮಗೆ ಕಾರಣ ಸಿಕ್ಕಿರುವುದು ದೊಡ್ಡ ಅನುಕೂಲ.

ಮಿಸುಕಾಟದ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಕೊರೆಯುತ್ತಿರಬಹುದು. ಆಮ್ಲಜನಕ ಕಡಿಮೆಯಾದ ಮಗು ಶಕ್ತಿ ಉಳಿಸಲು ಅಲುಗಾಟ ತಗ್ಗಿಸುತ್ತದೆ. ಅದು ಮೆಲ್ಲಗೆ ಆಗುವುದರಿಂದ ತಾಯಿಗೆ ಥಟ್ಟನೆ ಗೊತ್ತಾಗುವುದಿಲ್ಲ. ‘ತಿಂಗಳು ತುಂಬುತ್ತಾ ಬಂದ ಹಾಗೆ ಮಗು ಸುಮ್ಮನಾಗುತ್ತದೆ’ ಎಂದು ಹಿರಿಯರೂ ಹೇಳುತ್ತಾರೆ, ಕೆಲವು ಆಸ್ಪತ್ರೆಗಳಲ್ಲೂ ಹೇಳುತ್ತಾರೆ. ಅದು ತಪ್ಪು. ಒದೆತದ ಬಗೆ ಬದಲಾಗಬಹುದು, ಒದೆತ ಕಡಿಮೆಯಾಗಬಾರದು. ಹಾಗೆ ಅನ್ನಿಸಿದರೆ ಎಡಮಗ್ಗುಲಿಗೆ ಮಲಗಿ ಎಣಿಸಬೇಕು. ಎರಡು ಗಂಟೆಯಲ್ಲಿ ಹತ್ತು ಸಲ ಮಿಸುಕದಿದ್ದರೆ ಅದು ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಬೇಕು. ಸಿಹಿ ತಿಂದು, ತಣ್ಣೀರು ಕುಡಿದು ಬೆಳಗಿನವರೆಗೆ ಕಾಯುವುದು ಬೇಡ.

ಈಗ ಮಾಡಿಸಬೇಕಾದ ಪರೀಕ್ಷೆಗಳು

ಆರು ವಾರವಾಗಿದೆ, ಮೊದಲು ಬಿಪಿ ನೋಡಿಸಿ, ಮೂತ್ರದ ಆಲ್ಬುಮಿನ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಪ್ರೀ-ಎಕ್ಲಾಂಪ್ಸಿಯಾದ ಬಿಪಿ ಹೆರಿಗೆಯಾದ ಮೂರು ತಿಂಗಳೊಳಗೆ ಇಳಿಯಬೇಕು. ಇಳಿಯದಿದ್ದರೆ ಬಸಿರಿಗೂ ಮೊದಲೇ ಬಿಪಿ ಅಥವಾ ಮೂತ್ರಪಿಂಡದ ತೊಂದರೆ ಇತ್ತು ಎಂದು ಹುಡುಕಬೇಕಾಗುತ್ತದೆ.

ನಿಮಗೆ ತಪ್ಪಿಸಬಾರದ ಇನ್ನೊಂದು ಪರೀಕ್ಷೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್‌ನದು, ಚುಟುಕಾಗಿ ಎಪಿಎಸ್. ದೇಹ ತನ್ನದೇ ಜೀವಕೋಶಗಳ ಪೊರೆಯ ವಿರುದ್ಧ ಪ್ರತಿಕಾಯ ತಯಾರಿಸಿ, ಪ್ಲಸೆಂಟಾದ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ ಅದು. 10 ವಾರದ ನಂತರ ಅಂಗದೋಷವಿಲ್ಲದ ಮಗು ಹೋಗಿದ್ದರೆ, ಇಲ್ಲವೆ 34 ವಾರಕ್ಕೆ ಮೊದಲೇ ಪ್ಲಸೆಂಟಾ ಸೋತಿದ್ದರೆ ಇದನ್ನು ನೋಡಲೇಬೇಕು. ನಿಮಗೆ ಎರಡೂ ಅನ್ವಯಿಸುತ್ತವೆ. ಪರೀಕ್ಷೆಗಳು ಮೂರು: ಲೂಪಸ್ ಆಂಟಿಕೋಯಾಗುಲಂಟ್, ಆಂಟಿಕಾರ್ಡಿಯೋಲಿಪಿನ್, ಆಂಟಿ-ಬೀಟಾ-2 ಗ್ಲೈಕೋಪ್ರೋಟೀನ್. ಒಂದು ಸಲ ಪಾಸಿಟಿವ್ ಬಂದರೆ ಕಾಯಿಲೆ ಎಂದು ಬರೆಯುವ ಹಾಗಿಲ್ಲ. ಯಾವುದೋ ಜ್ವರ ಬಂದು ಹೋದ ಮೇಲೂ ಕೆಲವು ವಾರ ಪಾಸಿಟಿವ್ ಬರುತ್ತದೆ. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿದಾಗಲೂ ಬಂದರೆ ಮಾತ್ರ ಕಾಯಿಲೆ ಖಚಿತ. ಆಗ ಮುಂದಿನ ಬಸಿರಿನಲ್ಲಿ ಆಸ್ಪಿರಿನ್ ಜೊತೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಬೇಕಾಗುತ್ತದೆ. ಪರೀಕ್ಷೆಯೇ ಮಾಡದೆ ‘ಇರಲಿ’ ಎಂದು ಒಂಬತ್ತು ತಿಂಗಳು ಹೆಪಾರಿನ್ ಬರೆಯುವವರಿದ್ದಾರೆ. ದುಡ್ಡೂ ಹೋಗುತ್ತದೆ, ಹೊಟ್ಟೆಯೆಲ್ಲ ಸೂಜಿಯ ಗಾಯವಾಗುತ್ತದೆ.

ಶುಗರ್ ಸರಾಸರಿ ತಿಳಿಯಲು ಎಚ್‌ಬಿಎ1ಸಿ, ಥೈರಾಯ್ಡ್‌ಗೆ ಟಿಎಸ್‌ಎಚ್, ರಕ್ತದ ಗುಂಪು ಇಷ್ಟು ಕೈಯಲ್ಲಿರಲಿ. ಕೆಲವು ಸೋಂಕುಗಳನ್ನು ಹುಡುಕುವ ಟಾರ್ಚ್ ಪ್ಯಾನೆಲ್ ಎಂಬ ದುಬಾರಿ ಪರೀಕ್ಷೆಯಿಂದ ನಿಮಗೆ ಉಪಯೋಗವಿಲ್ಲ. ಅದರಲ್ಲಿ ಬರುವ ಐಜಿಜಿ ಪಾಸಿಟಿವ್ ಎಂದರೆ ಎಂದೋ ಸೋಂಕು ಬಂದು ಹೋಗಿದೆ ಎಂದಷ್ಟೇ. ಅದಕ್ಕೆ ಔಷಧಿ ಕೊಡುವುದು ಅನವಶ್ಯಕ. ರಕ್ತ ಹೆಪ್ಪುಗಟ್ಟುವ ಆನುವಂಶಿಕ ದೋಷಗಳ ಪ್ಯಾನೆಲ್ಲೂ ನಿಮಗೆ ಬೇಕಿಲ್ಲ.

ಪ್ಲಸೆಂಟಾವನ್ನು ಲ್ಯಾಬಿಗೆ ಕಳಿಸಿದ ಉಲ್ಲೇಖ ನಿಮ್ಮ ಕಾಗದದಲ್ಲಿ ಇಲ್ಲ. ಇದೇ ಸ್ಥಿತಿಯಲ್ಲಿ ಇಂದು ಆಸ್ಪತ್ರೆಯಲ್ಲಿರುವ ಕುಟುಂಬದವರು ಓದುತ್ತಿದ್ದರೆ, ಹೆರಿಗೆಗೆ ಮೊದಲೇ ಕೇಳಿಕೊಳ್ಳಬೇಕಾದದ್ದು ಇದು: ಪ್ಲಸೆಂಟಾವನ್ನು ಪೂರ್ತಿಯಾಗಿ 10 ಶೇಕಡಾ ಫಾರ್ಮಲಿನ್‌ನಲ್ಲಿ ಹಾಕಿ ಹಿಸ್ಟೋಪ್ಯಾಥಾಲಜಿಗೆ (ಸೂಕ್ಷ್ಮದರ್ಶಕದ ಪರೀಕ್ಷೆಗೆ) ಕಳಿಸಿ. ಫಾರ್ಮಲಿನ್ ಸಿಗುವವರೆಗೆ ಮಾಮೂಲಿ ಫ್ರಿಜ್‌ನಲ್ಲಿ ಇಡಬಹುದು, ಫ್ರೀಜರಿನಲ್ಲಿ ಬೇಡ. ಕ್ರೋಮೋಸೋಮ್ ಪರೀಕ್ಷೆ ಬೇಕಿದ್ದರೆ ಬಳ್ಳಿ ಅಂಟಿರುವ ಜಾಗದ ಕೆಳಗಿನಿಂದ ಒಂದು ಸೆಂಟಿಮೀಟರ್ ತುಂಡನ್ನು ಮೊದಲೇ ತೆಗೆದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದಲ್ಲಿ ಇಡಬೇಕು. ಫಾರ್ಮಲಿನ್ ಮುಟ್ಟಿದರೆ ಆ ತುಂಡಿನಲ್ಲಿ ಜೀವಕೋಶ ಬೆಳೆಯುವುದಿಲ್ಲ, ಪರೀಕ್ಷೆ ಅಲ್ಲಿಗೇ ಕೆಡುತ್ತದೆ. ಮ್ಯಾಸರೇಟೆಡ್ ಮಗುವಿನ ಚರ್ಮದಿಂದಲೂ ಜೀವಕೋಶ ಬೆಳೆಯುವುದು ಕಷ್ಟ. ಅಂಥಲ್ಲಿ ಮೈಕ್ರೋಅರೇ ಎಂಬ ಡಿಎನ್‌ಎ ಪರೀಕ್ಷೆ ಕೇಳಬೇಕು, ಅದಕ್ಕೆ ಜೀವಂತ ಕೋಶ ಬೇಕಾಗಿಲ್ಲ. ಮಗುವಿನ ತೂಕ, ಉದ್ದ, ತಲೆಸುತ್ತಳತೆ ಬರೆಸಿ. ಮುಖ, ಕೈಕಾಲು, ಬೆನ್ನು ಕಾಣುವಂತೆ ಫೋಟೋ ತೆಗೆಸಿ. ಇಡೀ ಮೈಯ ಒಂದು ಎಕ್ಸ್-ರೇ ಎಲ್ಲ ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯ. ಶಿಶುವಿನ ಅಟಾಪ್ಸಿಗೆ (ಶವಪರೀಕ್ಷೆಗೆ) ಮನೆಯವರು ಒಪ್ಪದಿರುವುದು ಸಹಜ, ಒತ್ತಾಯವಿಲ್ಲ. ಆದರೆ ಅಂಗದೋಷದ ಅನುಮಾನವಿದ್ದರೆ ಅದರಷ್ಟು ತಿಳಿಸುವ ಪರೀಕ್ಷೆ ಬೇರೊಂದಿಲ್ಲ. ತಾಯಿ ಆರ್‌ಎಚ್ ನೆಗೆಟಿವ್ ಇದ್ದರೆ 72 ಗಂಟೆಯೊಳಗೆ ಆಂಟಿ-ಡಿ 300 ಮೈಕ್ರೋಗ್ರಾಂ ಹಾಕಿಸಲೇಬೇಕು. ಮಗು ಉಳಿದಿಲ್ಲವಲ್ಲ, ಯಾಕೆ ಎಂದು ಬಿಟ್ಟರೆ ಮುಂದಿನ ಮಗುವಿಗೆ ತೊಂದರೆ.

ಮುಂದಿನ ಬಸಿರು

28ರಿಂದ 34 ವಾರದೊಳಗೆ ಹೆರಿಗೆಯಾಗುವಷ್ಟು ಪ್ರೀ-ಎಕ್ಲಾಂಪ್ಸಿಯಾ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆ. ಹೆಚ್ಚಿನವರಲ್ಲಿ ಎರಡನೇ ಸಲ ತಡವಾಗಿ, ಹಗುರವಾಗಿ ಬರುತ್ತದೆ. ಮೊದಲಿನಿಂದಲೇ ಕಣ್ಣಿಟ್ಟು ನೋಡುತ್ತಿದ್ದರೆ ಮಗುವನ್ನು ಉಳಿಸಿಕೊಳ್ಳುವಷ್ಟು ಸಮಯ ಸಿಗುತ್ತದೆ.

ಎಷ್ಟು ತಿಂಗಳು ಬಿಡಬೇಕು ಎಂಬುದಕ್ಕೆ ಒಂದೇ ಸಂಖ್ಯೆ ಇಲ್ಲ. ನಿಮ್ಮ ವಿಷಯದಲ್ಲಿ ಬಿಪಿ ಇಳಿದು, ಎಪಿಎಸ್‌ನ ಎರಡನೇ ಪರೀಕ್ಷೆಯ ಫಲಿತಾಂಶ ಬರುವವರೆಗಂತೂ ಕಾಯಿರಿ. ಸಿಸೇರಿಯನ್ ಆದವರು ಗಾಯ ಮಾಗಲು ಒಂದೂವರೆ ವರ್ಷವಾದರೂ ಬಿಡುವುದು ಒಳ್ಳೆಯದು. ಬಸಿರಿಗೆ ಪ್ರಯತ್ನ ಶುರುಮಾಡುವ ಮೊದಲೇ ಫೋಲಿಕ್ ಆಮ್ಲ 400 ಮೈಕ್ರೋಗ್ರಾಂ ದಿನಕ್ಕೊಂದು. ಬಿಪಿ ಮಾತ್ರೆ ಮುಂದುವರಿಯುತ್ತಿದ್ದರೆ ಯಾವುದೆಂದು ನೋಡಿ. ಟೆಲ್ಮಿಸಾರ್ಟನ್, ಎನಲಾಪ್ರಿಲ್ ಬಗೆಯವು ಮಗುವಿನ ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ. ಅವನ್ನು ವೈದ್ಯರಿಂದ ಲ್ಯಾಬೆಟಲಾಲ್, ನಿಫೆಡಿಪಿನ್ ಅಥವಾ ಮೀಥೈಲ್‌ಡೋಪಾಕ್ಕೆ ಬದಲಿಸಿಕೊಳ್ಳಬೇಕು, ನೀವೇ ನಿಲ್ಲಿಸಬೇಡಿ.

ಬಸಿರು ಖಚಿತವಾದ ಮೇಲೆ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಔಷಧಿ ಆಸ್ಪಿರಿನ್. 12 ವಾರದ ಹೊತ್ತಿಗೆ, ತಡವೆಂದರೆ 16 ವಾರಕ್ಕೆ ಮೊದಲು ಶುರುವಾಗಬೇಕು. ಮೇಲೆ ಹೇಳಿದ ನಾಳ ಅಗಲವಾಗುವ ಕೆಲಸ ನಡೆಯುವುದೇ ಆ ವಾರಗಳಲ್ಲಿ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಅಪಾಯ ಹೆಚ್ಚಿದ್ದವರಿಗೆ ರಾತ್ರಿ 150 ಮಿಲಿಗ್ರಾಂ ಕೊಟ್ಟಾಗ, 37 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಕಾಗುವಂಥ ಪ್ರೀ-ಎಕ್ಲಾಂಪ್ಸಿಯಾ 4.3 ಶೇಕಡಾದಿಂದ 1.6ಕ್ಕೆ ಇಳಿಯಿತು. 36 ವಾರಕ್ಕೆ ನಿಲ್ಲಿಸುತ್ತಾರೆ. ಏಳನೇ ತಿಂಗಳಲ್ಲಿ ಬಿಪಿ ಏರಿದ ಮೇಲೆ ಶುರುಮಾಡಿದರೆ ಈ ಲಾಭ ಇಲ್ಲ. ಹೊಟ್ಟೆಹುಣ್ಣು, ಆಸ್ಪಿರಿನ್‌ಗೆ ಹೆಚ್ಚುವ ಉಬ್ಬಸ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ.

14 ವಾರದಿಂದ ಕ್ಯಾಲ್ಸಿಯಂ 500 ಮಿಲಿಗ್ರಾಂ ಮಾತ್ರೆ ದಿನಕ್ಕೆರಡು, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಕಬ್ಬಿಣದ ಮಾತ್ರೆಯ ಜೊತೆ ನುಂಗಬೇಡಿ, ಎರಡು ಗಂಟೆಯಾದರೂ ಅಂತರವಿರಲಿ. ರಾಗಿ ಮುದ್ದೆಯಲ್ಲಿ ಕ್ಯಾಲ್ಸಿಯಂ ಇದೆ, ಉಣ್ಣಿ, ಆದರೆ ಅದು ಮಾತ್ರೆಗೆ ಬದಲಿ ಅಲ್ಲ.

ಸ್ಕ್ಯಾನ್‌ಗಳಲ್ಲಿ 11ರಿಂದ 14 ವಾರದೊಳಗಿನದು, 18-20 ವಾರದ ಅಂಗರಚನೆಯದು ಎಲ್ಲರಿಗೂ ಇದ್ದದ್ದೇ. ನಿಮಗೆ ಅದರ ಮೇಲೆ 26-28 ವಾರದಿಂದ ಮೂರು-ನಾಲ್ಕು ವಾರಕ್ಕೊಮ್ಮೆ ಬೆಳವಣಿಗೆ ಮತ್ತು ಡಾಪ್ಲರ್ ಬೇಕು. ಮಗು ಹಿಂದೆ ಬಿದ್ದರೆ ವಾರಕ್ಕೊಮ್ಮೆ, ಅಗತ್ಯವಿದ್ದರೆ ಇನ್ನೂ ಬೇಗ ಬೇಗ. ಬಿಪಿಯನ್ನು 20 ವಾರದ ನಂತರ ವಾರಕ್ಕೆರಡು ಸಲ ಮನೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ನೋಡಿಸಿ ಬರೆದಿಡಿ. ತಲೆ ಸಿಡಿಯುವಂಥ ನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು ಬಂದರೆ ಮುಂದಿನ ಚೆಕಪ್‌ವರೆಗೆ ಕಾಯುವ ಹಾಗಿಲ್ಲ. 28 ವಾರದ ನಂತರ ಮಲಗುವಾಗ ಮಗ್ಗುಲಾಗಿ; ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ರಾತ್ರಿ ಎಚ್ಚರವಾದಾಗ ಅಂಗಾತ ಇದ್ದದ್ದು ಗೊತ್ತಾದರೆ ಗಾಬರಿ ಬೇಡ, ಮಗ್ಗುಲು ಬದಲಿಸಿದರೆ ಸಾಕು. ಎಲ್ಲ ಸರಿಯಿದ್ದರೂ ನಿಮ್ಮನ್ನು ದಿನ ತುಂಬಿ ಮುಂದಕ್ಕೆ ಹೋಗಲು ಬಿಡುವುದಿಲ್ಲ, 39 ವಾರದೊಳಗೆ ಹೆರಿಗೆ ಮಾಡಿಸುತ್ತಾರೆ. ಪ್ರೀ-ಎಕ್ಲಾಂಪ್ಸಿಯಾ ಮರುಕಳಿಸಿದರೆ 37ಕ್ಕೆ ಅಥವಾ ಅದಕ್ಕೂ ಮೊದಲು. ಆದ್ದರಿಂದ ನವಜಾತ ಶಿಶುಗಳ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಯಲ್ಲೇ ಮೊದಲಿನಿಂದ ಹೆಸರು ಬರೆಸಿ.

ಕಾಗದಪತ್ರದ ಎರಡು ಮಾತು. 28 ವಾರ ದಾಟಿದ ನಿರ್ಜೀವ ಜನನವನ್ನು 21 ದಿನದೊಳಗೆ ನಮೂನೆ 3ರಲ್ಲಿ ನೋಂದಾಯಿಸಬೇಕು. ಹೆರಿಗೆ ಆಸ್ಪತ್ರೆಯಲ್ಲಾಗಿದ್ದರೆ ಅದು ಆಸ್ಪತ್ರೆಯ ಹೊಣೆ, ಆಗಿದೆಯೇ ಎಂದು ಕೇಳಿ ನೋಡಿ. ನೀವು ಕೆಲಸದಲ್ಲಿದ್ದರೆ, ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಖ್ಯೆಯಲ್ಲಿ ಮಗು ಎಂದರೆ ನಿರ್ಜೀವವಾಗಿ ಹುಟ್ಟಿದ ಮಗುವೂ ಸೇರಿದೆ. 26ನೇ ವಾರದವರೆಗೆ ಹೋದದ್ದು ಗರ್ಭಪಾತ, ಅದಕ್ಕೆ ಆರು ವಾರ ಸಂಬಳ ಸಹಿತ ರಜೆ. ಅದರ ನಂತರದ್ದು ಹೆರಿಗೆ. ನಿಮ್ಮದು 33 ವಾರ, ಆದ್ದರಿಂದ ಆರು ವಾರಕ್ಕೆ ಕೆಲಸಕ್ಕೆ ಬನ್ನಿ ಎಂದು ಕಚೇರಿಯವರು ಹೇಳಿದ್ದರೆ ವಾರದ ಸಂಖ್ಯೆ ಇರುವ ಡಿಸ್ಚಾರ್ಜ್ ಕಾಗದದ ಪ್ರತಿಯೊಂದಿಗೆ ಬರಹದಲ್ಲಿ ಅರ್ಜಿ ಕೊಡಿ. ಮೂಲ ಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ. ಮುಂದಿನ ಬಸಿರಿನ ಮೊದಲ ಭೇಟಿಯಲ್ಲಿ ವೈದ್ಯರು ಆಸ್ಪಿರಿನ್ ಬರೆಯುವುದು ಆ ಕಾಗದ ನೋಡಿಯೇ.